ಬ್ಯಾಸಗಿ ಕದ್ದವ

ಗಾಳಿ ತುಂಬಿ ನಿಲ್ಲಿಸಿದ ಕರಿ ಡೇರೆಯೊಳಗೆ
ಮೂವತ್ತೆಂಟು ಮಕ್ಕಳು, ಒಂದು ಪ್ರೊಜೆಕ್ಟರ್, ನಾನು.
ತಾಳಿಕೋಟಿಯ ಹಾಸ್ಟೆಲ್ಲು, ಏಪ್ರಿಲ್ಲಿನ ರಾತ್ರಿ,
ಬೆವರು ನಾರುವ ಬಾಡಿಗೆ ಆಕಾಶ.

ಕೆನಡಾದ ಕ್ರೀ ಜನ ಹೇಳುವ ಕಥೆ ಇದು, ಅಂದೆ.
ಅವರ ನೆಲದಲ್ಲಿ ಒಮ್ಮೆ ಬರೀ ಚಳಿಗಾಲವಂತೆ,
ಬೇಸಿಗೆಯ ಹಕ್ಕಿಗಳನ್ನು ಯಾರೋ ಕಟ್ಟಿಹಾಕಿದ್ದರಂತೆ.
ಓಚೆಕ್ ಹೋದ.
ಮುಂಗಲಿಯಂಥ ಜೀವ, ಗಿಡ್ಡ ಕಾಲು, ಉದ್ದ ಬಾಲ.
ಹಗ್ಗ ಕಡಿದ, ಹಕ್ಕಿಗಳು ಹಾರಿದವು,
ಬೆನ್ನಟ್ಟಿದವರ ಬಾಣ ಬಾಲಕ್ಕೆ ನಟ್ಟಿತು.
ಮರ ಹತ್ತಿದ. ಮರ ಮುಗಿಯಿತು.
ಹತ್ತುತ್ತಲೇ ಹೋದ.
ನೋಡಿ, ಏಳು ಚುಕ್ಕಿ,
ಬಾಲ ಇನ್ನೂ ಸೊಟ್ಟಗಿದೆ.

ಹಿಂದಿನಿಂದ ಮಶಾಕ:
"ಬ್ಯಾಸಗಿ ಕದಿಯಾಕ ಅಷ್ಟ ದೂರ ಯಾಕ ಹ್ವಾದ್ರಿ ಅಂವಾ?
ಇಲ್ಲಿಗ ಬಂದಿದ್ರ ಪುಕ್ಕಟ ಕೊಡ್ತಿದ್ವಿ,
ಮ್ಯಾಲೊಂದು ಚೀಲ ಜ್ವಾಳ."

ನಗು ಡೇರೆಗೆ ಹಿಡಿಸಲಿಲ್ಲ.
ಅಷ್ಟರಲ್ಲೇ ಕರೆಂಟು ಹೋಗಿ
ಫ್ಯಾನು ನಿಂತು, ಆಕಾಶ
ಮೆಲ್ಲಗೆ ನಮ್ಮ ನೆತ್ತಿ ಮೇಲೆ ಕುಸಿಯಿತು.
ಮಣಕಾಲೂರಿ ಹೊರಗೆ ತೆವಳಿದೆವು.

ಊರೇ ಆರಿತ್ತು. ಡೋಣಿಯ ಆಚೆ
ಒಂದು ನಾಯಿ, ಒಂದು ಟ್ರ್ಯಾಕ್ಟರು, ಅಷ್ಟೇ.
ಮೇಲೆ ಅದು ಇತ್ತು,
ಕಳೆದ ವಾರ, ಹೋದ ವರ್ಷ ಇದ್ದಂತೆಯೇ.

ಅಡುಗೆಯ ಹುಸೇನಬಿ ಕೈ ಒರೆಸಿಕೊಳ್ಳುತ್ತ ಬಂದಳು.
"ಮುಂಗಲಿ ಎಲ್ಲಿದು, ಅಕ್ಕೋರ? ಅದು ಮುದಿಕಿ ಹೊರಸು.
ನಾಕು ಕಾಲು ಹೊರಸಿನವು, ಹಿಂದ ಮೂರು ಕಳ್ಳರು.
ಮುದಿಕಿ ಮ್ಯಾಲ ಮಲಗ್ಯಾಳ,
ಎಚ್ಚರಾದಾಳಂತ ಮೆಲ್ಲಕ ಎಳಿತಾರ,
ನಮ್ಮವ್ವ ಸಣ್ಣಾಕಿದ್ದಾಗಿಂದ ಎಳಿತಾರ,
ಇನ್ನೂ ಅಂಗಳಾ ದಾಟಿಲ್ಲ."

ಅಲ್ಲೊಬ್ಬ ಕಳ್ಳ, ಇಲ್ಲಿ ಮೂವರು.
ಲೇಸರು ಆರಿಸಿ ಚೀಲಕ್ಕೆ ಹಾಕಿದೆ.
ಇಂಥ ಕಥೆಯನ್ನು ಹಿಮ ಬಿದ್ದ ಮೇಲೆಯೇ ಹೇಳಬೇಕೆಂದು
ಅವರ ಹಿರಿಯರ ಮಾತನ್ನೂ ಓದಿದ್ದೆ,
ಓದಿದ್ದು ಮಕ್ಕಳಿಗೆ ಹೇಳಿರಲಿಲ್ಲ.
ತಾಳಿಕೋಟಿಗೆ ಹಿಮ ಯಾವಾಗ ಬೀಳಬೇಕು,
ನನ್ನ ಬಿಲ್ಲು ಯಾವಾಗ ಪಾಸಾಗಬೇಕು?
ಹೊರಸಿನ ಹಿಂದೆ ನಾಲ್ಕನೆಯವಳು ನಾನು,
ಏಪ್ರಿಲ್ಲಿನಲ್ಲಿ ಸಿಕ್ಕಿಬಿದ್ದವಳು.

ಅಲುಗದ ಚುಕ್ಕಿ ಅವರಿಗೆ ನೆತ್ತಿಯ ಬಳಿ,
ನಮಗೆ ನೀರಿನ ಟ್ಯಾಂಕಿನ ಹೆಗಲಿಗಿಂತ ತುಸು ಮೇಲೆ.
ಅಲ್ಲಿ ಓಚೆಕ್ ಮುಳುಗುವುದೇ ಇಲ್ಲ, ಅಂದೆ,
ವರ್ಷವೆಲ್ಲ ಸುತ್ತುತ್ತಾನೆ, ಗಾಯದೊಂದಿಗೆ.
ಇಲ್ಲಿ ಮಾತ್ರ ಪೂರ್ತಿ ಇಳಿದುಹೋಗುತ್ತಾನೆ,
ಎರಿ ಹೊಲದ ಕೆಳಗೆ.

ಅಷ್ಟೊತ್ತು ಬಾಯಿ ಬಿಡದ ನೀಲಗಂಗಾ ಕೇಳಿದಳು:
"ಹಂಗಾರ ಬಾಣ ಇಲ್ಲೇ ಕೀಳತಾರೇನ್ರಿ?"

ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಕರೆಂಟು ಬಂತು. ಡೇರೆ ತಾನಾಗಿಯೇ ಎದ್ದು ನಿಂತಿತು,
ಒಳಗೆ ಯಾರೂ ಹೋಗಲಿಲ್ಲ.
ಹುಸೇನಬಿ, ನಿನ್ನ ಮುದಿಕಿ ಕಥೆಗೂ
ಹೇಳಬಾರದ ಕಾಲ ಅಂತ ಇದೆಯಾ?

"ಐತಿ," ಅಂದಳು, ಸೌಟು ಎತ್ತಿಕೊಂಡು,
"ಹಸದ ಹೊಟ್ಟಿಗೆ ಹೇಳಬಾರದು. ಏಳ್ರಿ,
ಸಾರು ಆರತೈತಿ."