ಹತ್ತು ನಿಮಿಷದ ಪಾಳಿ

ವಿಧಾನಸೌಧ. ಪೀಠದ ಕೆಳಗೆ ನಮ್ಮ ಮೇಜು.
ಹತ್ತು ನಿಮಿಷಕ್ಕೊಬ್ಬರು ಬರೆದು ಏಳುತ್ತೇವೆ,
ಪೆನ್ಸಿಲ್ ಬಿಸಿಯಿರುವಾಗಲೇ.

ನನ್ನ ಪಾಳಿಗೆ ಬಂದದ್ದು
ಚುಕ್ಕೆ ಗುರುತಿನ ಪ್ರಶ್ನೆ, ನೂರ ಹದಿನೇಳು.
ಕೊನೆಯ ಸಾಲಿನ ಶರಣವ್ವ ಎದ್ದರು.
ಅಷ್ಟರಲ್ಲಿ ಅರ್ಧ ಸದನ ಬಾವಿಗಿಳಿದಿತ್ತು:
ನೀರಿಲ್ಲದ, ಹಗ್ಗವಿಲ್ಲದ
ಜಮಖಾನೆ ಹಾಸಿದ ಬಾವಿ.
ಯಾರದೋ ಅಂಗಿತೋಳು ನನ್ನ ಪುಟದ ಮೇಲೆ.

ಗದ್ದಲ ಬರೆಯುವುದು ಸುಲಭ,
ಕಂಸದೊಳಗೆ ಒಂದೇ ಪದ.

ಮೈಕು ಸತ್ತಿತ್ತು. ಆಕೆ ಕೂರಲಿಲ್ಲ.
ತುಟಿ ನೋಡಿ ಬರೆದುಕೊಂಡೆ:
ಹಳ್ಳ, ಸೇತುವೆ, ಮೂರನೇ ಮಳೆಗಾಲ,
ಆಮೇಲೆ ಒಂದು ಹುಡುಗಿಯ ಹೆಸರು.

"ಕೇಳಿಸಿತೇನಮ್ಮ ನಿಮಗೆ?"
ಕನ್ನಡಕ ಏರಿಸಿ ಪುಟ್ಟಮಾದಯ್ಯ ಕೆಂಪು ಗೀಟೆಳೆದರು.
ಕೇಳಿಸಲಿಲ್ಲ ಸಾರ್, ಕಂಡಿತು.
"ಕಂಡದ್ದು ನಡಾವಳಿಯಲ್ಲ."
ಉತ್ತರ ಮಂಡಿಸಲಾಗಿದೆ ಎಂದಿತು ಕಡತ.

ಸಂಜೆ, ಬಾವಿಯಲ್ಲಿ ಕೊರಳಪಟ್ಟಿ ಹಿಡಿದಿದ್ದ ಇಬ್ಬರು
ಒಂದೇ ಕಾರು ಹತ್ತಿದರು, ನಗುತ್ತ.
ನಾನು ಮೆಜೆಸ್ಟಿಕ್ ಬಸ್ಸು.
ಟಿಕೆಟ್ಟಿನ ಬೆನ್ನ ಮೇಲೆ ಉಗುರು
ತಾನಾಗಿ ಗೀಚತೊಡಗಿತು ಆ ಹೆಸರನ್ನು.
ಮೊದಲಕ್ಷರದಲ್ಲೇ ನಿಂತಿತು.
ಪ? ಬ? ಮ?
ತುಟಿಗೆ ಮೂರೂ ಒಂದೇ.