ಎರಡನೆಯ ಪೀಪಾಯಿ

ಅಂಗಡಿಯ ಬಾಗಿಲು ಹಾಕಿ ವರ್ನಾ
ಬಿಲ್ಲಿನ ಯಂತ್ರದ ಪಕ್ಕ ಮೂರು ಗ್ಲಾಸಿಟ್ಟಳು.
ಬಾರ್ಡ್ಸ್‌ಟೌನಿನ ನವೆಂಬರ್. ಹೊರಗೆ
ದಾಸ್ತಾನು ಮಳಿಗೆಗಳ ಕಡೆಯಿಂದ ಬೀಸುವ ಗಾಳಿಗೂ
ಒಂದಿಷ್ಟು ಅಮಲು.

ಮೊದಲು ಪೆಟ್ಟಿಗೆ.
ಕಪ್ಪು ಮರ, ಒಳಗೆ ಮಖಮಲ್ಲು, ಹಿತ್ತಾಳೆಯ ಬಿರಟೆ,
ಸಂಖ್ಯೆ ಬರೆದು ಸಹಿ ಹಾಕಿದ ಚೀಟಿ.
ನಲವತ್ತು ವರ್ಷ ಪೀಪಾಯಿ ಕಟ್ಟಿದ ಲಮಾರ್
ಮೂಲೆಯನ್ನು ಉಗುರಲ್ಲಿ ಕೆರೆದು
‘ಅಂಟಿಸಿದ ಮರ’ ಎಂದ.
ಅಲ್ಲಿಗೆ ನಲವತ್ತು ಡಾಲರು ಕಳೆಯಿತು.

ಕೇಳುವ ಬೆಲೆ ಮುನ್ನೂರ ಇಪ್ಪತ್ತೈದು.
ಒಂಬತ್ತು ವರ್ಷ ಸುಟ್ಟ ಓಕಿನಲ್ಲಿ ಕೂತ ರೈ,
ಆಮೇಲೆ ಹದಿನಾಲ್ಕು ತಿಂಗಳು
ಮಡೈರಾ ವೈನ್ ಇಟ್ಟು ಬರಿದಾದ ಪೀಪಾಯಿಯಲ್ಲಿ.
ಹೂವಿನ ಜೊತೆ ನಾರು ಸ್ವರ್ಗಕ್ಕೆ ಹೋದೀತು, ಸರಿ,
ಟಿಕೆಟ್ಟು ಯಾರ ಲೆಕ್ಕಕ್ಕೆ?

ಗ್ಲಾಸು ಓರೆ ಮಾಡಿದೆ. ಗಾಜಿನ ಒಳಮೈಯಲ್ಲಿ
ಎಣ್ಣೆಯ ಹಾಗೆ ನಿಧಾನ ಇಳಿಯಿತು.
ಮೂಗು ಇಟ್ಟೆ, ಬಾಯಿ ಸ್ವಲ್ಪ ತೆರೆದು,
ಇಲ್ಲವಾದರೆ ಘಾಟು ಹಣೆಗೆ ಏರುತ್ತದೆ.
ಒಣದ್ರಾಕ್ಷಿ. ಬಿಸಿಲಿಗಿಟ್ಟ ಕಿತ್ತಳೆ ಸಿಪ್ಪೆ.
ತಳ ಹಿಡಿಯುವ ಮುಂಚೆ ಇಳಿಸಿದ ಜೋನಿಬೆಲ್ಲ.
ರೈ ಎಲ್ಲಿ?

ಮೊದಲ ಗುಟುಕಿಗೂ ಸಿಹಿಯೇ ಮಾತಾಡಿತು,
ಮದುವೆಮನೆಯಲ್ಲಿ ಎರವಲು ಸರ ಹಾಕಿಕೊಂಡವಳಂತೆ
ಕತ್ತು ಎತ್ತಿ ಎತ್ತಿ.
ನಾಲ್ಕು ಹನಿ ನೀರು ಬಿಟ್ಟು ಕಾದೆ.
ಆಗ ಬಂತು: ನಾಲಿಗೆಯ ಅಂಚಿಗೆ ಓಮ,
ಜಜ್ಜಿದ ಕರಿಮೆಣಸು, ಒದ್ದೆ ಹುಲ್ಲು,
ಕೊನೆಗೆ ಗೇರುಹಣ್ಣಿನಂಥ ಒಗರು
ಗಂಟಲ ಜಗಲಿಯಲ್ಲಿ ಕೂತು
ಎದ್ದು ಹೋಗಲೊಲ್ಲದು.

‘ಹೇಳು,’ ಎಂದಳು ವರ್ನಾ,
‘ಆರು ಕೇಸು ತಕ್ಕೊಳ್ಳಲೋ ಬೇಡವೋ?’

ಬೆಲೆ ಕಟ್ಟುವುದು ನನಗೆ ಕಲಿಸಿದ್ದು ಬಚ್ಚ ಪೂಜಾರಿ,
ಕುಂದಾಪುರದ ಕಡೆ ತೆಂಗಿನ ಮರ ಹತ್ತಿ
ಕಳ್ಳು ಇಳಿಸುತ್ತಿದ್ದ ನನ್ನಜ್ಜ.
ಬೆಳಗಿನ ಕಳ್ಳಿಗೆ ಒಂದು ದರ,
ಹತ್ತು ಗಂಟೆಗೆ ಅದರರ್ಧ,
ಮಧ್ಯಾಹ್ನ ದಾಟಿದರೆ ಕ್ರಾಸ್ತಾ ಬಾಯಮ್ಮನ ಸನ್ನದ ಹಿಟ್ಟಿಗೆ,
ಆಮೇಲೆ ವಿನಿಗರ್.
ಹೊತ್ತು ಏರಿದಂತೆ ಬೆಲೆ ಇಳಿಯುವುದು,
ಇಷ್ಟೇ ಅವನ ಅರ್ಥಶಾಸ್ತ್ರ.
ಇಲ್ಲಿ ಹೊತ್ತನ್ನೇ ಶೀಶೆಗೆ ತುಂಬಿ ಮಾರುತ್ತಾರೆ.
ಪೀಪಾಯಿಯಿಂದ ಆವಿಯಾಗಿ ಹೋದದ್ದಕ್ಕೂ,
ದೇವತೆಗಳು ಕುಡಿದರೆಂದು ಹೇಳಿ,
ನಮ್ಮ ಹತ್ತಿರವೇ ವಸೂಲಿ.
ಅಜ್ಜನೂ ಮೊದಲ ಕುಡ್ತೆ ಮರದ ಬುಡಕ್ಕೆ ಚೆಲ್ಲುತ್ತಿದ್ದ;
ಗಿರಾಕಿಯ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಬೇಡ ಎನ್ನಲು ಬಾಯಿ ತೆರೆದೆ.
ಎರವಲು ಪರಿಮಳ, ಎಂದು ಹೇಳುವವನಿದ್ದೆ.
ಅಷ್ಟರಲ್ಲಿ ಲಮಾರ್ ಸುಮ್ಮನೆ ಕೇಳಿದ:
‘ಬ್ಯಾರೆಲ್ಲಿಗೆ ನಿಮ್ಮ ಮಾತಿನಲ್ಲಿ ಏನಂತೀರಿ?’
ಪೀಪಾಯಿ, ಅಂದೆ.
ಅಂದದ್ದೇ ತಡ, ನನಗೇ ಕೇಳಿಸಿತು.
ಪೋರ್ಚುಗೀಸರ ಹಡಗಿನಿಂದ
ನಮ್ಮ ಕರಾವಳಿಗೆ ಉರುಳಿಬಿದ್ದ ಪದ,
ಬಹುಶಃ ಈ ಮಡೈರಾದ ಮುತ್ತಜ್ಜನನ್ನೇ
ಹೊಟ್ಟೆಯಲ್ಲಿಟ್ಟುಕೊಂಡು.
ನಾನೂರು ವರ್ಷ ನಮ್ಮ ಬಾಯಲ್ಲಿ ಕೂತು
ಯಕಾರ ಕಲಿತು, ಬಹುವಚನ ಕಲಿತು,
ಈಗ ಯಾರಪ್ಪನ ಮನೆಯ ಸೊತ್ತೂ ಅಲ್ಲ.

ಇನ್ನೊಂದು ಗುಟುಕು ಕುಡಿದೆ.
‘ಇನ್ನೂರಕ್ಕೆ ಕೊಟ್ಟರೆ ಎರಡು ಕೇಸು,’ ಅಂದೆ,
‘ಉಳಿದದ್ದು ಮಖಮಲ್ಲು.’
ಲಮಾರ್ ತಲೆದೂಗಿದ; ನಿದ್ದೆಯೂ ಇರಬಹುದು.
ವರ್ನಾ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಂಡಳು.

ಬೆಳಿಗ್ಗೆ ಅಂಗಡಿ ತೆರೆದಾಗ
ತೊಳೆಯದೆ ಬಿಟ್ಟ ನನ್ನ ಗ್ಲಾಸು ಅಲ್ಲೇ.
ತಳದಲ್ಲಿ ಒಣಗಿದ ಒಂದು ಕಂದು ಉಂಗುರ.
ಮೂಸಿದೆ. ಮೆಣಸಿಲ್ಲ, ಓಮವಿಲ್ಲ. ರೈ
ರಾತ್ರಿಯೇ ಎದ್ದು ಹೋಗಿತ್ತು.
ಕಿತ್ತಳೆ ಸಿಪ್ಪೆ ಇತ್ತು. ಬೆಲ್ಲ ಇತ್ತು.
ಎರವಲು ಬಂದದ್ದೇ ಮನೆ ಕಾದಿತ್ತು.

ವರ್ನಾ ಬರುವ ಮೊದಲು
ಚೀಟಿ ತಿರುಗಿಸಿ, ಇನ್ನೂರನ್ನು ಹೊಡೆದುಹಾಕಿ,
ಇನ್ನೂರ ಇಪ್ಪತ್ತು ಎಂದು ಬರೆದೆ.