ಮೂರು ಪ್ರತಿ

ಠಾಣೆಯ ನಮೂನೆಯನ್ನು ಮೂರು ಪ್ರತಿಯಲ್ಲಿ ತುಂಬಬೇಕು.
ಒಂದು ಅವರಿಗೆ, ಒಂದು ಪಂಚಾಯ್ತಿಗೆ,
ಇನ್ನೊಂದು ಯಾರಿಗೆಂದು ಬರೆದಿಲ್ಲ.
ಕಾರ್ಬನ್ ಸವೆದಿದೆ, ಒತ್ತಿ ಬರಿ
ಎಂದರು ಸಾಹುಕಾರರು, ಜೀಪಿನಿಂದ ಇಳಿಯದೆ.

ನಾನು ಈ ತೋಟದ ರೈಟ್ರು.
ಇಪ್ಪತ್ತಾರು ವರ್ಷ ಬರೆದದ್ದು
ಹೆಸರು, ಕಿಲೋ. ಹೆಸರು, ಕಿಲೋ.
ಸಂಜೆ ತೂಕದಲ್ಲಿ ಮೂಟೆಗೊಂದು ಕಿಲೋ
‘ಒದ್ದೆ’ ಎಂದು ಕಳೆಯುತ್ತೇನೆ,
ಅಸ್ಸಾಮಿನವರಿಗೂ ಇಲ್ಲಿಯವರಿಗೂ.
ಅದೊಂದರಲ್ಲಿ ನಮ್ಮಲ್ಲಿ ಭೇದವಿಲ್ಲ.

ನಮೂನೆಯ ಕೊನೆಯ ಕಾಲಮ್ಮು:
ಪ್ರಜೆ / ವಿದೇಶಿ.
ಅನ್ವಯಿಸದ್ದನ್ನು ಹೊಡೆದುಹಾಕಿ.

ಮೊದಲು ನಿಂತವನು ಮೊಫಿಜುಲ್.
ಕವರಿನೊಳಗೆ ಕವರು, ಅದರೊಳಗೊಂದು ಕವರು,
ಈರುಳ್ಳಿ ಸುಲಿದ ಹಾಗೆ ಬಿಚ್ಚಿದ:
ಆಧಾರು, ಮತದಾರರ ಚೀಟಿ, ಅಜ್ಜನ ಹೆಸರಿರುವ
ಯಾವುದೋ ಪಟ್ಟಿಯ ಜೆರಾಕ್ಸಿನ ಜೆರಾಕ್ಸು.
ಊರು? ಅಂದೆ.
‘ಹೊಳೆ ತಿಂದ್ಬಿಡ್ತು ಸಾರ್,’ ಅಂದ,
ಎರಡು ಕೊಯ್ಲಿನಲ್ಲಿ ಕಲಿತ ಕನ್ನಡದಲ್ಲಿ.
ತಿಂದ ಊರಿಗೆ ಕಾಲಮ್ಮಿಲ್ಲ.
ಬರ್ಪೇಟಾ ಎಂದು ಬರೆದೆ.
ಅವನ ಹೆಂಡತಿ ಸಹೇರಾ ಹೆಬ್ಬೆರಳು ತೋರಿಸಿದಳು.
ಕಾಫಿಯ ಕರೆ ಗೆರೆಗಳನ್ನು ನುಂಗಿ
ಸಿದ್ದಾಪುರದ ಯಂತ್ರ ಮೂರು ಸಲ
ನೀನು ನೀನಲ್ಲ ಅಂದಿತ್ತಂತೆ.

ಕಳೆದ ಸೋಮವಾರ ಸಭೆಯಲ್ಲಿ ಸಾಹುಕಾರರು ಮೈಕು ಹಿಡಿದು
ಹೊರಗಿನವರಿಂದ ಜಿಲ್ಲೆ ಹಾಳಾಯ್ತು,
ಸರ್ಕಾರ ಬಾಗಿಲು ಹಾಕಲಿ ಅಂದರು. ಚಪ್ಪಾಳೆಯೂ ಬಿತ್ತು.
ಅದೇ ರಾತ್ರಿ ನನ್ನ ಫೋನಿನಿಂದ ಮೇಸ್ತ್ರಿಗೆ:
ರೊಬಸ್ಟಾ ಗಿಡದಲ್ಲೇ ಒಣಗ್ತಿದೆ,
ಇನ್ನೂ ನಲವತ್ತು ಆಳು ಕಳಿಸು.

ಎಲ್ಲರೂ ಹೋದ ಮೇಲೆ ಬೊಳ್ಚಿ ಬಂದಳು,
ಸೊಂಟದಲ್ಲಿ ಕತ್ತಿ, ತಲೆಯ ಮೇಲೆ ಸೌದೆ.
ನನ್ನ ಹೆಸರೂ ಬರಿ ರೈಟ್ರೇ.
ಇದು ಹೊರಗಿನವರಿಗೆ ಬೊಳ್ಚಿ, ಅಂದೆ.
ನಾನು ಯಾವ ಒಳಗಿದ್ದೀನಿ, ಅಂದಳು.

ಲೈನ್ ಮನೆಯ ಮೂರನೇ ಬಾಗಿಲಲ್ಲಿ ಹುಟ್ಟಿದವಳು.
ಬಾಗಿಲಿಗೆ ನಂಬರಿಲ್ಲ, ಅದಕ್ಕೆ ಕಾರ್ಡಿಲ್ಲ,
ಕಾರ್ಡಿಲ್ಲ, ಅದಕ್ಕೆ ಅಕ್ಕಿಯಿಲ್ಲ.
‘ದುಬಾರೆ ಕಡೆಯಿಂದ ಬರೋ ಒಂಟಿ ಆನೆಗೂ
ಕೊರಳಿಗೆ ನಂಬರು ಕಟ್ಟವ್ರೆ.’

ಸೌದೆ ಇಳಿಸಿ ಮೆಟ್ಟಿಲ ಮೇಲೆ ಕೂತಳು.
‘ಮೊದ್ಲು ಒಂದಿನ ನಾವು ಬರ್ದಿದ್ರೆ
ಲೈನಿಗೇ ಜೀಪು ಬರ್ತಿತ್ತು, ಬಾ ತಾಯಿ ಅಂತ.
ಈಗ ಕಿಲೋಗೆ ಎಂಟಾಣೆ ಜಾಸ್ತಿ ಕೇಳಿದ್ರೆ
ಬೇಡ ಅಂದ್ರೆ ಬಿಡು ಅಂತಾರೆ.
ಬೈಯೋಣ ಅಂದ್ರೆ ಯಾರ್ನ ಬೈಯ್ಲಿ?
ಆ ಸಹೇರನ ಕೂಸಿಗೆ ಜ್ವರ ಬಂದಾಗ
ರಾತ್ರಿ ಸೊಪ್ಪು ಅರೆದು ಕೊಟ್ಟೋಳು ನಾನೇ.’

ಸುಮ್ಮನಿದ್ದೆ. ಆಮೇಲೆ ಅವಳು ಕಪಾಟು ತೋರಿಸಿದಳು.
ಹಳೇ ಪುಸ್ತಕದಲ್ಲಿ ನನ್ನಜ್ಜ ಅವ್ನಂತಲ್ಲ?

ಇದ್ದಾನೆ. ಗೆದ್ದಲು ಅಂಚಷ್ಟೇ ತಿಂದಿದೆ.
೧೯೬೩, ತೋಲ, ಮುಂಗಡ ನಲವತ್ತು ರೂಪಾಯಿ, ಕಂಬಳಿ ಒಂದು.
ಮುಂದಿನ ವರ್ಷ ನಲವತ್ತೆಂಟು.
ಅದರ ಮುಂದಿನ ವರ್ಷ ಅರವತ್ತು.
ಸತ್ತ ಮೇಲೆ ಅದೇ ಸಾಲಿನಲ್ಲಿ ಮಗನ ಹೆಸರು.
ಈ ಜಿಲ್ಲೆಯಲ್ಲಿ ಬೊಳ್ಚಿಯ ಕುಲ ಇತ್ತೆಂಬುದಕ್ಕೆ
ಸಾಕ್ಷಿ ಈ ಸಾಲವೊಂದೇ.

ಆ ಹಾಳೆ ಕೊಡು, ಅಂದಳು.
ಸಾಹುಕಾರರನ್ನು ಕೇಳಬೇಕು, ಅಂದೆ,
ಹೇಳುವಾಗಲೇ ಗೊತ್ತಿತ್ತು,
ಕೇಳಿದ ದಿನವೇ ಹಾಳೆ ಒಲೆಗೆ ಹೋಗುತ್ತದೆ.

ಎರಡು ಪ್ರತಿ ಎತ್ತಿಟ್ಟೆ.
ಮೂರನೆಯದರಲ್ಲಿ ಸಹೇರಾಳ ಕೆಳಗೆ
ಕಾರ್ಬನ್ನಿಲ್ಲದೆ, ಬರೀ ಶಾಯಿಯಲ್ಲಿ ಬರೆದೆ:
ಬೊಳ್ಚಿ. ತೋಲನ ಮೊಮ್ಮಗಳು.
ದಾಖಲೆ: ಮುಂಗಡ ಪುಸ್ತಕ, ಪುಟ ಹದಿನೇಳು.
ಕೊನೆಯ ಕಾಲಮ್ಮಿಗೆ ಬಂದಾಗ
ಪೆನ್ನು ಎತ್ತಿದವನು ಎತ್ತಿಯೇ ಇದ್ದೆ.

ಏನು ಬರೆದೆ?
ಊರು, ಅಂದೆ.
ಗಟ್ಟಿಯಾಗಿ ಓದು.

ಓದಿದೆ.
ಲೈನಿನ ಕಡೆ ಸಹೇರಾ ಅಕ್ಕಿ ತೊಳೆಯುವ ಸದ್ದು
ಒಮ್ಮೆ ನಿಂತು,
ಮತ್ತೆ ಶುರುವಾಯಿತು.